ಎಂಬತ್ತು ಸಾವಿರ ವರ್ಷದ ಲೆಕ್ಕ

2024ರ ಅಕ್ಟೋಬರ್‌ನಲ್ಲಿ ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು ಸಂಜೆಯ ಪಡುವಣ ಬಾನಿಗೆ ಬಂದಾಗ ವಿಜಯಪುರದಲ್ಲಿ ಮಾಳಿಗೆ ಏರಿದವರ ಬಾಯಲ್ಲಿ ಒಂದೇ ಮಾತು: “ಇದು ಇನ್ನ ಬರೂದು 80,000 ವರ್ಷಕ್ಕಂತರಿ.” ಸುದ್ದಿಯಲ್ಲಿ ಬಂದದ್ದೂ ಅದೇ ಅಂಕಿ. ಆದರೆ ಕಕ್ಷೆಯ ಲೆಕ್ಕ ಬಲ್ಲವರು ಆ ಅಂಕಿಗೆ ಜಾಮೀನು ನಿಲ್ಲಲಾರರು.

ದೂರದರ್ಶಕದ ಚಿತ್ರದಲ್ಲಿ ಸಿಗುವುದು ದಿಕ್ಕು ಮಾತ್ರ, ದೂರವಲ್ಲ. ಕಕ್ಷೆಯನ್ನು ಗೊತ್ತುಮಾಡಲು ಆರು ಸಂಖ್ಯೆ ಬೇಕು: ಗಾತ್ರ, ಆಕಾರ, ವಾಲಿಕೆ, ಅದು ತಿರುಗಿ ನಿಂತ ಬಗೆ ಹೇಳುವ ಎರಡು ಕೋನ, ಸೂರ್ಯನ ಸಮೀಪ ಬರುವ ಗಳಿಗೆ. ಒಂದು ಚಿತ್ರಕ್ಕೆ ಎರಡು ಕೋನದಂತೆ ಮೂರು ರಾತ್ರಿಯ ಚಿತ್ರಗಳಿದ್ದರೆ ಲೆಕ್ಕ ಶುರುವಾಗುತ್ತದೆ. 1801ರಲ್ಲಿ ಕಣ್ತಪ್ಪಿಹೋಗಿದ್ದ ಸಿರಿಸ್ ಎಂಬ ಕುಬ್ಜಗ್ರಹ ಎಲ್ಲಿದ್ದೀತೆಂದು ಜರ್ಮನ್ ಗಣಿತಜ್ಞ ಗೌಸ್ ಹೇಳಿದ್ದು ಹೀಗೆಯೇ. ಆ ವರ್ಷದ ಕೊನೆಗೆ ಅದು ಅವರು ಹೇಳಿದ ಜಾಗದ ಹತ್ತಿರವೇ ಸಿಕ್ಕಿತು.

ಲೆಕ್ಕ ಶುರುವಾಗುತ್ತದೆ, ಮುಗಿಯುವುದಿಲ್ಲ. ಗೋಳಗುಮ್ಮಟದ ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಅದರ ಒಂದು ಗೇಣು ಬಾಗನ್ನಷ್ಟೇ ಅಳೆದು ಇಡೀ ವ್ಯಾಸ ಹೇಳಬೇಕೆಂದರೆ, ಕೂದಲೆಳೆಯಷ್ಟು ತಪ್ಪಿದರೂ ಉತ್ತರ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಈ ಧೂಮಕೇತುವಿನದೂ ಅದೇ ಕಷ್ಟ. 2023ರ ಆರಂಭದಲ್ಲಿ ಪತ್ತೆಯಾದಾಗ ಅದು ಭೂಮಿ-ಸೂರ್ಯರ ನಡುವಿನ ದೂರದ ಏಳು ಪಟ್ಟಿಗೂ ಆಚೆ ಇತ್ತು. ಕೆಲವು ವಾರಗಳಲ್ಲಿ ಕಂಡದ್ದು ಮಹಾಪಥದ ಸಣ್ಣ ತುಣುಕು.

ಕಕ್ಷೆಯ ಆಕಾರವನ್ನು ಹೇಳುವ ಸಂಖ್ಯೆ ಉತ್ಕೇಂದ್ರತೆ. 1ಕ್ಕಿಂತ ಕಡಿಮೆಯಿದ್ದರೆ ದೀರ್ಘವೃತ್ತ, ಧೂಮಕೇತು ಮರಳುತ್ತದೆ. 1 ಅಥವಾ ಹೆಚ್ಚಾದರೆ ಮರಳುವುದಿಲ್ಲ. ದೀರ್ಘಾವಧಿಯ ಧೂಮಕೇತುಗಳೆಲ್ಲ ಈ 1ರ ಆಸುಪಾಸಿನಲ್ಲೇ ಗುಂಪುಗೂಡಿವೆ. ಸುಚಿನ್‌ಶಾನ್-ಅಟ್ಲಾಸ್ 2024ರ ಸೆಪ್ಟೆಂಬರ್ 27ರಂದು ಸೂರ್ಯನಿಂದ ಸುಮಾರು 5.8 ಕೋಟಿ ಕಿ.ಮೀ. ದೂರದಲ್ಲಿ ಹಾದುಹೋಯಿತು. ಆ ದೂರವನ್ನಿಟ್ಟು, ಕಕ್ಷೆ ದೊಡ್ಡದಾದಷ್ಟೂ ಸುತ್ತಲು ಹೆಚ್ಚು ಕಾಲ ಬೇಕೆನ್ನುವ ಕೆಪ್ಲರ್ ನಿಯಮದಂತೆ ಲೆಕ್ಕ ಹಾಕಿ ನೋಡಿ: ಉತ್ಕೇಂದ್ರತೆ 0.9998 ಎಂದರೆ ಒಂದು ಸುತ್ತಿನ ಅವಧಿ ಸುಮಾರು 86,000 ವರ್ಷ. 0.9999 ಎಂದರೆ ಸುಮಾರು 2.4 ಲಕ್ಷ ವರ್ಷ. ಇನ್ನೊಂದು ಚೂರು ಸೇರಿಸಿ 1 ಮಾಡಿದರೆ ಅದು ಎಂದೆಂದಿಗೂ ಬರುವುದಿಲ್ಲ. ನಾಲ್ಕನೆಯ ದಶಮಾಂಶ ಸ್ಥಾನದಲ್ಲಿ ಇಷ್ಟೆಲ್ಲ ಅಡಗಿದೆ! ಮುಂದೆ ಅಳತೆಗಳು ಹೆಚ್ಚಿದಂತೆ ಇದರ ಉತ್ಕೇಂದ್ರತೆ 1ನ್ನು ತುಸು ದಾಟಿತು.

ಅದಕ್ಕೇ ಖಗೋಳಜ್ಞರು ಹಳೆಯ ಚಿತ್ರಗಳನ್ನು ಜಾಲಾಡುತ್ತಾರೆ. 1995ರಲ್ಲಿ ಪತ್ತೆಯಾದ ಹೇಲ್-ಬಾಪ್ ಧೂಮಕೇತು 1993ರ ಆಸ್ಟ್ರೇಲಿಯಾದ ಚಿತ್ರವೊಂದರಲ್ಲೂ ಸಿಕ್ಕಿತು. ಎರಡು ವರ್ಷದ ಈ ಹಿನ್ನೆಲೆ ಕಕ್ಷೆಯನ್ನು ಬಿಗಿಗೊಳಿಸಿತು. ಆದರೆ ಕಕ್ಷೆಯೇ ಬದಲಾಗುವುದೂ ಉಂಟು: 1996ರಲ್ಲಿ ಗುರುಗ್ರಹದ ಸಮೀಪ ಹಾದಾಗ ಹೇಲ್-ಬಾಪ್‌ನ ಅವಧಿ ಸುಮಾರು 4,200 ವರ್ಷದಿಂದ 2,500ರ ಸುತ್ತಮುತ್ತಕ್ಕೆ ಇಳಿಯಿತು. ಬಿಸಿಲಿಗೆ ಚಿಮ್ಮುವ ಅನಿಲವೂ ಧೂಮಕೇತುವನ್ನು ತಳ್ಳುತ್ತದೆ. ಸೂರ್ಯನೇ ಗ್ರಹಗಳ ಸೆಳೆತಕ್ಕೆ ಅತ್ತಿತ್ತ ಓಲಾಡುವುದರಿಂದ, ಸೂರ್ಯನನ್ನು ಕೇಂದ್ರವಾಗಿಟ್ಟು ಲೆಕ್ಕ ಹಾಕಿದ ಅವಧಿಯೂ ದಿನ ಕಳೆದಂತೆ ಬದಲಾಗುತ್ತದೆ.

ನಿಜವಾದ ಪ್ರಶ್ನೆ, ನನ್ನ ಮಟ್ಟಿಗೆ, ಮತ್ತೆ ಯಾವಾಗ ಬಂದೀತೆಂಬುದಲ್ಲ, ಎಲ್ಲಿಂದ ಬಂತೆಂಬುದು. ಗ್ರಹಗಳ ಸೆಳೆತವನ್ನು ಕಳೆಯುತ್ತ, ಇಡೀ ಸೌರವ್ಯೂಹದ ದ್ರವ್ಯಕೇಂದ್ರವನ್ನು ಆಧರಿಸಿ ಹಿಂದಕ್ಕೆ ಲೆಕ್ಕ ಹಾಕಿದರೆ, ಗ್ರಹಗಳ ನಡುವೆ ಬರುವ ಮೊದಲು ಅದಕ್ಕಿದ್ದ ಮೂಲ ಕಕ್ಷೆ ಸಿಗುತ್ತದೆ. ಹೀಗೆ ಪಡೆದ 19 ಕಕ್ಷೆಗಳನ್ನು ಪರಿಶೀಲಿಸಿಯೇ 1950ರಲ್ಲಿ ಡಚ್ ಖಗೋಳಜ್ಞ ಯಾನ್ ಊರ್ಟ್, ಗ್ರಹಗಳಿಗಿಂತ ಎಷ್ಟೋ ಆಚೆ ಸೌರವ್ಯೂಹವನ್ನು ಸುತ್ತುವರಿದ ಧೂಮಕೇತುಗಳ ಮೋಡವೊಂದು ಇರಬೇಕೆಂದು ಹೇಳಿದರು.