ಸಾಫ್ಟ್‌ವೇರ್ ಮಹಡಿ ಮೇಲೆ, ಕಿಟಕಿ ಕೆಳಗೆ

ಮಡಿಕೇರಿ ಹತ್ತಿರದ ನಮ್ಮ ಮನೆಯಲ್ಲಿ 2 ಜಿಬಿ ರ‍್ಯಾಮಿನ ಒಂದು ಹಳೇ ಲ್ಯಾಪ್‌ಟಾಪ್ ಇದೆ. ಅದರಲ್ಲೇ ಕೂತು ನಾನು ಕ್ಯೂಜಿಐಎಸ್‌ನಲ್ಲಿ ಕಾಫಿ ತೋಟದ ನಕ್ಷೆ ಬಿಡಿಸುತ್ತೇನೆ. ಆದರೆ ನಕ್ಷೆ ಬಿಡಿಸೋ ಈ ಸಾಫ್ಟ್‌ವೇರ್ ಅದರಲ್ಲಿ ಇಲ್ಲ. ಇರೋದು ಮಹಡಿ ಮೇಲೆ, ತಮ್ಮನ ಡೆಸ್ಕ್‌ಟಾಪಿನಲ್ಲಿ. ಟರ್ಮಿನಲ್‌ನಲ್ಲಿ (ಆಜ್ಞೆ ಟೈಪ್ ಮಾಡೋ ಕಿಟಕಿ) 'ಎಸ್‌ಎಸ್‌ಎಚ್ ಮೈನಸ್ ಎಕ್ಸ್' (ಎಕ್ಸ್ ಕ್ಯಾಪಿಟಲ್ ಇರಲಿ), ಆ ಕಂಪ್ಯೂಟರಿನ ವಿಳಾಸ, ಕೊನೆಗೆ ಸಾಫ್ಟ್‌ವೇರಿನ ಹೆಸರು ಹೊಡೆದರೆ ಸಾಕು, ಓಡೋದು ಮೇಲೆ, ಅದರ ಕಿಟಕಿ (ವಿಂಡೋ) ತೆರೆಯೋದು ಕೆಳಗೆ.

ಇದೇನೂ ಹೊಸ ಕ್ಲೌಡ್ ಮಾಯೆ ಅಲ್ಲ. ಅಮೆರಿಕದ ಎಂಐಟಿಯಲ್ಲಿ 1983ರಲ್ಲಿ ಅಥೀನಾ ಅನ್ನೋ ಯೋಜನೆ ಶುರುವಾಯಿತು. ಕ್ಯಾಂಪಸ್ ತುಂಬ ಬೇರೆ ಬೇರೆ ಕಂಪನಿಯ ಕಂಪ್ಯೂಟರುಗಳು, ಎಲ್ಲಿ ಕೂತರೂ ವಿದ್ಯಾರ್ಥಿಗೆ ತನ್ನ ಕೆಲಸ ಸಿಗಬೇಕು. 1984ರಲ್ಲಿ ಬಾಬ್ ಶೈಫ್ಲರ್, ಸ್ಟ್ಯಾನ್‌ಫರ್ಡ್‌ನಿಂದ ಬಂದಿದ್ದ 'ಡಬ್ಲ್ಯೂ' ಅನ್ನೋ ವಿಂಡೋ ವ್ಯವಸ್ಥೆಯನ್ನು (ಪರದೆ ಮೇಲೆ ಕಿಟಕಿ ತೋರಿಸೋದು ಇದರ ಕೆಲಸ) ತಿದ್ದಿ ಹೊಸದು ಮಾಡಿದರು. ಡಬ್ಲ್ಯೂ ಆದಮೇಲೆ ಬರೋ ಅಕ್ಷರ ಎಕ್ಸ್ ತಾನೆ, ಅದೇ ಹೆಸರಾಯಿತು. 1987ರ ಹನ್ನೊಂದನೇ ಆವೃತ್ತಿ ಇವತ್ತಿಗೂ ಬದುಕಿದೆ. ಒಂದು ತಮಾಷೆ: ಇದರಲ್ಲಿ ಸರ್ವರ್ ಅಂದರೆ ನಮ್ಮ ಮುಂದಿರೋ ಮೆಷೀನು, ಯಾಕಂದರೆ ಪರದೆ, ಕೀಬೋರ್ಡ್, ಮೌಸ್ ಒದಗಿಸೋದು ಅದು. ದೂರದಲ್ಲಿ ಓಡೋ ಸಾಫ್ಟ್‌ವೇರೇ ಕ್ಲೈಂಟ್. ನನಗೆ ಈಗಲೂ ಒಂದು ಕ್ಷಣ ಗೊಂದಲವಾಗುತ್ತದೆ.

ಮೊದಲಿಗೆ ಎಲ್ಲ ಬಟಾಬಯಲು. ನೀವು ಒತ್ತಿದ ಕೀಲಿ ಯಾವ ಮರೆಯೂ ಇಲ್ಲದೆ ತಂತಿಯಲ್ಲಿ ಹೋಗುತ್ತಿತ್ತು. 1995ರಲ್ಲಿ ಫಿನ್ಲೆಂಡಿನ ತಾತು ಯುಲೋನೆನ್, ತಮ್ಮ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಪಾಸ್‌ವರ್ಡ್ ಕಳ್ಳತನ ಆದಮೇಲೆ, ಎರಡು ಕಂಪ್ಯೂಟರುಗಳ ಮಾತನ್ನು ಗುಪ್ತಲಿಪಿಯಲ್ಲಿ ಸಾಗಿಸೋ ಎಸ್‌ಎಸ್‌ಎಚ್ ಬರೆದರು. ಎಕ್ಸ್ ಅದರೊಳಗೆ ತೂರಿಕೊಂಡಿತು.

ದೂರದ ಸಮಸ್ಯೆ ಮಾತ್ರ ಉಳಿಯಿತು. ಎಕ್ಸ್‌ಗೆ ಮಾತು ಜಾಸ್ತಿ, ಸಣ್ಣಸಣ್ಣದಕ್ಕೂ ಕೇಳಿ ಉತ್ತರಕ್ಕೆ ಕಾಯುತ್ತದೆ. ಸುಮ್ನೆ ಲೆಕ್ಕ ಹಾಕಿ. ಒಂದು ಕಿಟಕಿ ತೆರೆಯಲು 500 ಪ್ರಶ್ನೆ ಅಂದುಕೊಳ್ಳಿ. ಮನೆಯೊಳಗೆ ಒಂದೊಂದಕ್ಕೆ 1 ಮಿಲಿಸೆಕೆಂಡ್ ಆದರೆ ಅರ್ಧ ಸೆಕೆಂಡಿನಲ್ಲಿ ಮುಗಿಯಿತು. ಬೆಂಗಳೂರಿನ ಕಂಪ್ಯೂಟರಿಗೆ ಹೋಗಿಬರಲು 60 ಆದರೆ 30 ಸೆಕೆಂಡ್! ನೆಟ್ ಎಷ್ಟು ಎಂಬಿಪಿಎಸ್ ಇದ್ದರೇನು, ಕಾಯೋದು ತಪ್ಪಲ್ಲ. ಈ ಓಡಾಟ ಕಡಿಮೆ ಮಾಡಲೆಂದೇ 2003ರ ಹೊತ್ತಿಗೆ ನೋಮೆಷೀನ್ ಕಂಪನಿಯ ಎನ್‌ಎಕ್ಸ್ ಬಂತು.

ಎಕ್ಸ್ ಜಾಗಕ್ಕೆ ಅಂತ 2008ರಲ್ಲಿ ಶುರುವಾದ ವೇಲ್ಯಾಂಡ್ ಈ ಗೊಡವೆಯನ್ನೇ ಕೈಬಿಟ್ಟಿತು, ದೂರದ ಕಿಟಕಿ ತೋರಿಸೋದು ತನ್ನ ಕೆಲಸ ಅಲ್ಲ ಅಂದಿತು. ನನಗದು ಬೇಜಾರೇ. ಆ ಜಾಗ ತುಂಬಲು 2019ರಲ್ಲಿ ವೇಪೈಪ್ ಹುಟ್ಟಿತು. ಹಳೇ ಎಕ್ಸ್ ಸಾಫ್ಟ್‌ವೇರುಗಳಂತೂ ವೇಲ್ಯಾಂಡಿನ ಮೇಲೂ ಎಕ್ಸ್‌ವೇಲ್ಯಾಂಡ್ ಮೂಲಕ ನಡೆಯುತ್ತವೆ.

ನನಗೆ ಪಾಠ ಆಗಿದ್ದು ಕಕ್ಕಡ ತಿಂಗಳ ಮಳೆಯಲ್ಲಿ. ಹಳ್ಳದ ಅಂಚಿನ ಗಡಿ ಗೀಚುತ್ತಾ ಒಂದು ಗಂಟೆ ಕಳೆದಿದ್ದೆ, ಸೇವ್ ಮಾಡಿರಲಿಲ್ಲ. ಫಟ್ ಅಂತ ಕರೆಂಟ್ ಹೋಯಿತು. ಡೆಸ್ಕ್‌ಟಾಪಿಗೆ ಯುಪಿಎಸ್ ಇತ್ತು, ಲ್ಯಾಪ್‌ಟಾಪಿಗೆ ಬ್ಯಾಟರಿ ಇತ್ತು, ಮಧ್ಯದ ರೌಟರಿಗೆ ಏನೂ ಇರಲಿಲ್ಲ. ಸಂಪರ್ಕ ಕಡಿಯಿತು, ಕಿಟಕಿ ಮಾಯ, ಜೊತೆಗೆ ಮೇಲಿದ್ದ ಕ್ಯೂಜಿಐಎಸ್ಸೂ ಸತ್ತಿತು. ಈಗ ಎಕ್ಸ್‌ಪ್ರಾ ಬಳಸುತ್ತೇನೆ. ಸಂಪರ್ಕ ಹೋದರೂ ಸಾಫ್ಟ್‌ವೇರ್ ಅಲ್ಲೇ ಓಡುತ್ತಿರುತ್ತದೆ, ಕರೆಂಟ್ ಬಂದು ಮತ್ತೆ ಸೇರಿಕೊಂಡರೆ ಅರ್ಧ ಎಳೆದ ಗೆರೆ ಹಾಗೇ ನಿಂತಿರುತ್ತದೆ.