ಬೋಲಸ್ ಕೊಟ್ಟ ಮಕ್ಕಳೇ ಹೆಚ್ಚು ಸತ್ತದ್ದು ಯಾಕೆ? ಫೀಸ್ಟ್ ಅಧ್ಯಯನ ಓದುವ ಬಗೆ

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಕನ್ನಡ ಮೀಡಿಯಂ ಶಾಲೆಗಳಿಂದ ನರ್ಸಿಂಗಿಗೆ ಬಂದವರಿಗೆ ರಿಸರ್ಚ್ ಪೇಪರ್ ಅಂದರೆ ಭಯ. ಎಲ್ಲವನ್ನೂ ಓದಬೇಕಾಗಿಲ್ಲ. ಒಂದನ್ನು ಬಿಡಿಸಿ ಓದಿದರೆ ಉಳಿದವು ಸುಲಭ. ನನ್ನ ಆಯ್ಕೆ 2011ರ ಫೀಸ್ಟ್ (FEAST): ಜ್ವರ ಬಂದು ಶಾಕ್ ಆದ ಮಕ್ಕಳಿಗೆ ಬೇಗಬೇಗ ಡ್ರಿಪ್ ಏರಿಸಿದರೆ ಒಳ್ಳೆಯದೇ ಎಂದು ಆಫ್ರಿಕಾದಲ್ಲಿ ನೋಡಿದ ಅಧ್ಯಯನ.

ಜ್ವರದ ಮಗು. ಪ್ರಜ್ಞೆ ಮಂಕಾಗಿದೆ, ಇಲ್ಲವೇ ಉಸಿರಾಡಲು ಕಷ್ಟ. ಕೈಕಾಲು ತಣ್ಣಗಿವೆ, ನಾಡಿ ಸರಿಯಾಗಿ ಸಿಗುವುದಿಲ್ಲ. ಉಗುರು ಒತ್ತಿ ಬಿಟ್ಟರೆ ಕೆಂಪು ಮರಳಲು 3 ಸೆಕೆಂಡಿಗಿಂತ ಜಾಸ್ತಿ ಬೇಕು. ಶಾಕ್ (ಮೈಗೆ ಸಾಕಷ್ಟು ರಕ್ತ ಹರಿಯದ ಸ್ಥಿತಿ) ಎಂದು ಬರೆದು, ಸಲೈನ್ ಬೇಗಬೇಗ ಏರಿಸುತ್ತೇವೆ. ಅದೇ ಬೋಲಸ್. ರಕ್ತನಾಳ ತುಂಬಿದರೆ ಒತ್ತಡ ಏರಬೇಕು, ಅಲ್ವಾ? ಕೇಳಲು ಸರಿಯಾಗಿಯೇ ಇದೆ.

ಅದನ್ನೇ ಮಕ್ಕಳ ವೈದ್ಯೆ ಕ್ಯಾಥರಿನ್ ಮೇಟ್‌ಲ್ಯಾಂಡ್ ಅವರ ತಂಡ ಕೆನ್ಯಾ, ಉಗಾಂಡಾ, ಟಾಂಜಾನಿಯಾದ 6 ಆಸ್ಪತ್ರೆಗಳಲ್ಲಿ ಪರೀಕ್ಷೆಗೆ ಹಚ್ಚಿತು. ಅಲ್ಲಿ ಐಸಿಯು ಇರಲಿಲ್ಲ. 3,141 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದಕ್ಕೆ ಆಲ್ಬುಮಿನ್ (ರಕ್ತದ ಪ್ರೋಟೀನ್ ಇರುವ ದ್ರಾವಣ) ಬೋಲಸ್, ಒಂದಕ್ಕೆ ಸಲೈನ್ ಬೋಲಸ್, ಮೂರನೆಯದಕ್ಕೆ ಬೋಲಸ್ ಇಲ್ಲ. 'ಇಲ್ಲ' ಅಂದರೆ ಸುಮ್ನೆ ಬಿಟ್ಟರು ಅಂತಲ್ಲ. ನಿಧಾನದ ಡ್ರಿಪ್, ಆಂಟಿಬಯೋಟಿಕ್, ಮಲೇರಿಯಾ ಔಷಧ, ಆಮ್ಲಜನಕ ಅವರಿಗೂ ಇತ್ತು.

ಚೀಟಿ ಯಾಕೆ? ಡಾಕ್ಟರೇ ಆರಿಸಿದರೆ ಹೆಚ್ಚು ಸುಸ್ತಾದ ಮಗುವಿಗೆ ಬೋಲಸ್ ಹೋಗುತ್ತದೆ. ಆಮೇಲೆ ಸಾವಿಗೆ ಕಾರಣ ರೋಗವೋ ಬೋಲಸ್ಸೋ ಎಂದು ಬಿಡಿಸಲಾಗದು. ಎಲ್ಲ ಪ್ರಶ್ನೆಗೂ ಚೀಟಿ ನಡೆಯುವುದಿಲ್ಲ, ಬಿಡಿ. ಎಂಡೋಸಲ್ಫಾನ್ ಕೀಟನಾಶಕವನ್ನು ಬೇಕೆಂದೇ ಯಾವ ಮಗುವಿನ ಮೇಲೂ ಸಿಂಪಡಿಸುವಂತಿಲ್ಲ. ಹಾಗಾಗಿ ಅದನ್ನು ಸಿಂಪಡಿಸಿದ್ದ ಕಾಸರಗೋಡಿನ ಪಡ್ರೆಯ ಬಗ್ಗೆ 2003ರಲ್ಲಿ ಪ್ರಕಟವಾದ ಅಧ್ಯಯನವು ಸಿಂಪಡಣೆ ಆದ ಕಡೆಯ 117 ಶಾಲಾ ಹುಡುಗರನ್ನು ಬೇರೆ ಕಡೆಯ 90 ಹುಡುಗರ ಜೊತೆ ಹೋಲಿಸಿ ನೋಡಿತು. ಅಂಥ ಪೇಪರ್ ಓದುವಾಗ ಎರಡು ಊರುಗಳಲ್ಲಿ ಬೇರೆ ಏನೇನು ವ್ಯತ್ಯಾಸ ಇತ್ತು ಎಂದೂ ಕೇಳಬೇಕು.

ಫೀಸ್ಟ್‌ಗೆ 3,600 ಮಕ್ಕಳನ್ನು ಸೇರಿಸುವ ಯೋಜನೆ ಇತ್ತು. 2011ರ ಜನವರಿಯಲ್ಲಿ, ಅಷ್ಟು ಮಕ್ಕಳು ಸೇರುವ ಮೊದಲೇ ನಿಲ್ಲಿಸಬೇಕಾಯಿತು. 48 ಗಂಟೆಯೊಳಗೆ ಆಲ್ಬುಮಿನ್ ಗುಂಪಿನಲ್ಲಿ ಶೇ. 10.6, ಸಲೈನ್ ಗುಂಪಿನಲ್ಲಿ ಶೇ. 10.5, ಬೋಲಸ್ ಇಲ್ಲದವರಲ್ಲಿ ಶೇ. 7.3 ಮಕ್ಕಳು ತೀರಿಕೊಂಡಿದ್ದರು.

ಈ ಅಂಕಿಯನ್ನು ಎರಡು ರೀತಿ ಹೇಳಬಹುದು. 'ಸಾವಿನ ಅಪಾಯ ಶೇ. 45 ಜಾಸ್ತಿ' ಎನ್ನಬಹುದು. 'ನೂರಕ್ಕೆ ಸುಮಾರು ಮೂರು ಸಾವು ಜಾಸ್ತಿ' ಎಂದೂ ಹೇಳಬಹುದು. ಎರಡೂ ನಿಜ. ವಾರ್ಡಿನಲ್ಲಿ ಎರಡನೆಯದೇ ಉಪಯೋಗ: ಸುಮಾರು 30 ಮಕ್ಕಳಿಗೆ ಬೋಲಸ್ ಕೊಟ್ಟರೆ ಒಂದು ಮಗು ಹೆಚ್ಚುವರಿಯಾಗಿ ಸಾಯುತ್ತದೆ.

ನನಗೆ ಅತಿ ಮುಖ್ಯ ಅನ್ನಿಸಿದ್ದು ಆಮೇಲಿನ ವಿಶ್ಲೇಷಣೆ. ಒಂದು ಗಂಟೆ ಆದ ಮೇಲೆ ನೋಡಿದರೆ ಶಾಕ್ ಲಕ್ಷಣ ಹೋದದ್ದು ಬೋಲಸ್ ಕೊಟ್ಟವರಲ್ಲೇ ಹೆಚ್ಚು: ಶೇ. 43. ಉಳಿದವರಲ್ಲಿ ಶೇ. 32. ಅಂದರೆ ಹಾಸಿಗೆ ಪಕ್ಕ ನಿಂತ ನರ್ಸಿಗೆ ಮಗು ಚೇತರಿಸಿಕೊಂಡ ಹಾಗೇ ಕಾಣುತ್ತದೆ. ಕೈ ಬೆಚ್ಚಗಾಗಿದೆ, ನಾಡಿ ಸಿಗುತ್ತಿದೆ, ಚಾರ್ಟ್ ಚೆನ್ನಾಗಿದೆ. ಸಾವು ಆಮೇಲೆ ಬರುತ್ತದೆ. ಅದೂ ನೀರು ಜಾಸ್ತಿಯಾಗಿ ಶ್ವಾಸಕೋಶ ತುಂಬಿದ್ದರಿಂದ ಅಲ್ಲ, ಹೆಚ್ಚಾಗಿ ರಕ್ತಸಂಚಾರ ಕುಸಿದು. ಎಷ್ಟು ವರ್ಷದ ಅನುಭವ ಇದ್ದರೂ ಒಬ್ಬರ ಕಣ್ಣಿಗೆ ಇದು ಬೀಳುವಂಥದ್ದಲ್ಲ. ಪೇಪರಿನಲ್ಲಿ 'ಲಕ್ಷಣ ಸುಧಾರಿಸಿತು' ಎಂದಿದ್ದರೆ, ಬದುಕಿದವರು ಎಷ್ಟು ಎಂದು ಹುಡುಕಿ.

ಇನ್ನೊಂದು ಎಚ್ಚರಿಕೆ. ವಾಂತಿಭೇದಿಯ ಮಕ್ಕಳನ್ನು ಫೀಸ್ಟ್‌ಗೆ ಸೇರಿಸಿಕೊಂಡಿರಲಿಲ್ಲ. ಮಳೆಗಾಲದಲ್ಲಿ ಭೇದಿಯಾಗಿ ಒಣಗಿ ಬಂದ ಮಗುವಿಗೆ 'ಫೀಸ್ಟ್ ಬೇಡ ಅಂದಿದೆ' ಎಂದು ಡ್ರಿಪ್ ತಡಮಾಡಿದರೆ ಅದು ದೊಡ್ಡ ತಪ್ಪು. 2016ರ ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯೂ ಬೋಲಸ್ ಪೂರ್ತಿ ಬೇಡ ಅನ್ನುವುದಿಲ್ಲ. ಕೈಕಾಲು ತಣ್ಣಗೆ, ಕೆಂಪು ಮರಳಲು ತಡ, ನಾಡಿ ದುರ್ಬಲ ಮತ್ತು ವೇಗ, ಈ ಮೂರೂ ಒಟ್ಟಿಗೆ ಇದ್ದರೆ ಕಿಲೋಗೆ 10–20 ಮಿಲಿ, 30ರಿಂದ 60 ನಿಮಿಷದಲ್ಲಿ.

ಜೊತೆಗೆ 2021ರ ಹೆಲಿಕ್ಸ್ (HELIX) ಅಧ್ಯಯನವನ್ನೂ ಓದಿ. ಹುಟ್ಟುವಾಗ ಆಮ್ಲಜನಕ ಸಾಲದೆ ಮಿದುಳಿಗೆ ಪೆಟ್ಟಾದ ಶಿಶುಗಳ ಮೈಯನ್ನು 72 ಗಂಟೆ ತಂಪಾಗಿಡುವುದು ಶ್ರೀಮಂತ ದೇಶಗಳಲ್ಲಿ ಫಲ ಕೊಟ್ಟಿತ್ತು. ಭಾರತ, ಶ್ರೀಲಂಕಾ, ಬಾಂಗ್ಲಾದೇಶದ 408 ಶಿಶುಗಳಲ್ಲಿ ನೋಡಿದಾಗ ತಂಪಾಗಿಟ್ಟವರಲ್ಲಿ ಸಾವು ಶೇ. 42, ಇಡದವರಲ್ಲಿ ಶೇ. 31.

ಅಧ್ಯಯನಕ್ಕೆ ಸೇರಿಸುವ ಮೊದಲು ಪಡೆಯುವ ಒಪ್ಪಿಗೆಯ ಭಾಗವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿ ಬಿಡಬೇಡಿ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಂತೆ 7 ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಕೇಳಬೇಕು. ಶಿಶುವಿನ ವಿಷಯದಲ್ಲಿ ಎಲ್ಲವೂ ಹೆತ್ತವರ ಮೇಲೆ, ಅದೂ ಅವರಿಗೆ ಅರ್ಥವಾಗುವ ಭಾಷೆಯಲ್ಲಿ. ಫೀಸ್ಟ್‌ನಲ್ಲಿ ತುರ್ತು ಹೊತ್ತಿಗೆ ಮೊದಲು ಬಾಯಿಮಾತಿನ ಒಪ್ಪಿಗೆ ಪಡೆದು, ಪೂರ್ತಿ ಒಪ್ಪಿಗೆಯನ್ನು ಆಮೇಲೆ ಕೇಳುವ ದಾರಿಯೂ ಇತ್ತು. ನಮ್ಮ ಕಾಸರಗೋಡಿನಲ್ಲಿ ಹೇಗಿರುತ್ತದೆ ಯೋಚಿಸಿ. ಫಾರಂ ಮಲಯಾಳದಲ್ಲಿ ಇರಬಹುದು, ಅಮ್ಮನಿಗೆ ಓದಲು ಬರುವುದು ಕನ್ನಡ, ಮನೆಮಾತು ತುಳು ಅಥವಾ ಮರಾಠಿ. ಆಗ ವಿವರಿಸುವ ಕೆಲಸ ನರ್ಸ್ ತಲೆಗೇ ಬರುತ್ತದೆ. 'ನಿಮ್ಮ ಮಗು ಯಾವ ಗುಂಪಿಗೆ ಬೀಳುತ್ತದೆ ಎಂದು ಡಾಕ್ಟರಿಗೂ ಮೊದಲೇ ಗೊತ್ತಿರುವುದಿಲ್ಲ, ಬೇಡ ಅಂದರೂ ಚಿಕಿತ್ಸೆ ನಿಲ್ಲುವುದಿಲ್ಲ' ಎಂಬ ಎರಡು ಮಾತನ್ನು ಆ ಅಮ್ಮನ ಭಾಷೆಯಲ್ಲಿ ಹೇಳಿ ಅಭ್ಯಾಸ ಮಾಡಿಕೊಳ್ಳಿ.