ನವೆಂಬರ್ ಮಳೆಗಾಲವಾ ಮಾರಾಯ್ರೆ?

"ನೇತ್ರಾವತಿಯಿಂದ ವರ್ಷಕ್ಕೆ ನೂರಾರು ಟಿಎಂಸಿ ಸಮುದ್ರಕ್ಕೆ ಹೋಗುತ್ತೆ, ನಾವು ಎತ್ತೋದು ಬರೀ 24." ನೇತ್ರಾವತಿಗೆ ಹೋಗಿ ಸೇರುವ ಘಟ್ಟದ ತೊರೆಗಳ ನೀರನ್ನು ಎತ್ತಿ ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ ಒಯ್ಯುವ ಎತ್ತಿನಹೊಳೆ ಯೋಜನೆಯ ಚರ್ಚೆ ಎಲ್ಲೇ ನಡೆಯಲಿ, ಅದರ ಪರ ಇರುವವರಿಂದ ಈ ಮಾತು ಬಂದೇ ಬರುತ್ತದೆ. ನದಿಗಳ ಹರಿವಿನ ಲೆಕ್ಕ ಹಾಕುವುದು ನನ್ನ ಕೆಲಸ. ಇದನ್ನು ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಮಾತು ಸುಳ್ಳು ಅಂತಲ್ಲ. ನದಿ ವರ್ಷದ ಲೆಕ್ಕದಲ್ಲಿ ಹರಿಯುವುದಿಲ್ಲ, ಅದಕ್ಕೆ.

ಒಂದು ಹೊಳೆ ತಗೊಳ್ಳಿ. ಈ ಅಂಕಿ ಯಾವ ನದಿಯದ್ದೂ ಅಲ್ಲ, ಲೆಕ್ಕ ತಿಳಿಯಲಿ ಅಂತ ನಾನೇ ಇಟ್ಟುಕೊಂಡದ್ದು. ವರ್ಷಕ್ಕೆ 300 ಪಾಲು ನೀರು. ಅದರಲ್ಲಿ ಜುಲೈನಲ್ಲಿ 100, ನವೆಂಬರ್‌ನಲ್ಲಿ 8. ಜೂನ್‌ನಿಂದ ನವೆಂಬರ್‌ವರೆಗೆ ತಿಂಗಳಿಗೆ 3 ಪಾಲು ಎತ್ತಿದರೆ ಒಟ್ಟು 18. ವರ್ಷದ ಮೊತ್ತದಲ್ಲಿ ಇದು ಬರೀ ಶೇ 6. ಜುಲೈನಲ್ಲಿ ಶೇ 3, ಹೊಳೆಗೆ ಗೊತ್ತೂ ಆಗುವುದಿಲ್ಲ. ನವೆಂಬರ್‌ನಲ್ಲಿ ಶೇ 37ಕ್ಕಿಂತ ಜಾಸ್ತಿ. ಹಿಂಗಾರು ಕೈಕೊಟ್ಟು ನವೆಂಬರ್‌ನಲ್ಲಿ 4 ಪಾಲಷ್ಟೇ ಬಂತು ಅನ್ನಿ. 3 ಎತ್ತಿದ ಮೇಲೆ ಉಳಿಯೋದು 1. ಅದೇ ಹೊಳೆ, ಅದೇ ಪಂಪು. ಹಾಗಿದ್ದೂ ವರದಿಯ ಮೊದಲ ಪುಟದಲ್ಲಿ "ಶೇ 6" ಅಂತ ಮಾತ್ರ ಇರುತ್ತದೆ.

ನಮ್ಮವರಿಗೆ ಇದು ಅರ್ಥವಾಗದ ವಿಷಯವೇನೂ ಅಲ್ಲ. ಕಾವೇರಿ ವಿಚಾರದಲ್ಲಿ ನಾವು ತಿಂಗಳ ಲೆಕ್ಕ ಬಿಟ್ಟು ಮಾತಾಡುವುದೇ ಇಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿನ ಗಡಿಯ ಅಳತೆ ಕೇಂದ್ರ ಬಿಳಿಗುಂಡ್ಲುವಿನಲ್ಲಿ ನಾವು ಹರಿಸಬೇಕಾದ ನೀರನ್ನು ವರ್ಷಕ್ಕೆ 177.25 ಟಿಎಂಸಿಗೆ ಇಳಿಸಿತು. ಅದು ಜುಲೈಗೆ 31.24, ಆಗಸ್ಟ್‌ಗೆ 45.95, ಜನವರಿಗೆ 2.76 ಎಂದು ಹಂಚಿಹೋಗಿದೆ. ಮಳೆ ಕೊರತೆಯಾದ ವರ್ಷ ಜಗಳ ಏಳುವುದೂ ತಿಂಗಳಿನ ಬಾಕಿಯ ಮೇಲೆಯೇ. ಕಾವೇರಿಗೆ ಒಂದು ಲೆಕ್ಕ, ನೇತ್ರಾವತಿಗೆ ಇನ್ನೊಂದು ಯಾಕೆ?

"ಮಳೆಗಾಲದ ಹೆಚ್ಚುವರಿ ನೀರು ಮಾತ್ರ" ಎನ್ನುತ್ತಾರೆ ಯೋಜನೆಯವರು. ಒಂದು ಸಭೆಯಲ್ಲಿ ಅಡಿಕೆ ತೋಟದ ಹಿರಿಯರೊಬ್ಬರು ಎದ್ದು ಕೇಳಿದರು: "ಜೂನ್‌ನಿಂದ ನವೆಂಬರ್ ಅಂತೀರಿ. ನವೆಂಬರ್ ಮಳೆಗಾಲವಾ ಮಾರಾಯ್ರೆ? ನಾವು ಆಗ ಹೊಳೆಗೆ ಕಟ್ಟ ಹಾಕ್ಲಿಕ್ಕೆ ಕಲ್ಲು ಹೊರ್ತಾ ಇರ್ತೇವೆ." ಅವರ ಹತ್ತಿರ ಒಂದು ಹಳೇ ನೋಟ್‌ಬುಕ್ ಇತ್ತು. ಯಾವ ವರ್ಷ ಯಾವಾಗ ಕಟ್ಟ ಹಾಕಿದರು, ಯಾವಾಗ ಹೊಳೆ ಇಳಿದು ಪಂಪಿನ ಫುಟ್‌ವಾಲ್ವ್ ಗಾಳಿ ಎಳೆಯಿತು, ಎಲ್ಲ ಬರೆದಿಟ್ಟಿದ್ದರು. ಮೇಲ್ಭಾಗದ ಸಣ್ಣ ತೊರೆಗಳ ಹರಿವನ್ನು ದಶಕಗಟ್ಟಲೆ ಅಳೆದವರು ಅಪರೂಪ. ಅಂಥಲ್ಲಿ ಆ ಪುಸ್ತಕ ನನಗೆ ಚಿನ್ನ.

ಎಲ್ಲಿ ನಿಂತು ಅಳೆಯುತ್ತೀರಿ ಅನ್ನುವುದೂ ಮುಖ್ಯ. ಸಕಲೇಶಪುರದ ಕಡೆ ನೀರು ಎತ್ತುವ ಎಂಟು ಕಿರು ಅಣೆಕಟ್ಟುಗಳ ಕೆಳಗೆ ನಿಂತರೆ ಕಡಿತ ದೊಡ್ಡದು. ಆ ತೊರೆಗಳ ನೀರು ಹೊತ್ತ ಗುಂಡ್ಯ ಹೊಳೆ ಕುಮಾರಧಾರೆ ಸೇರಿ, ಅದು ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರಿದ ಮೇಲೆ, ಬಂಟ್ವಾಳದಲ್ಲಿ ಅದೇ ಕಡಿತ ಸಣ್ಣದು. ಎರಡೂ ನಿಜವೇ.

ಯೋಜನೆಯನ್ನು ವಿರೋಧಿಸುವವರಿಗೂ ಒಂದು ಮಾತು. 2016ರಲ್ಲಿ, 2019ರಲ್ಲಿ ಬೇಸಿಗೆಗೆ ಮಂಗಳೂರಿಗೆ ನೀರು ಕೊಡುವ ನೇತ್ರಾವತಿಯ ತುಂಬೆ ಅಣೆಕಟ್ಟಿನಲ್ಲಿ ನೀರು ತಳ ಕಂಡು ಊರಿಗೆ ರೇಷನ್ ಆಯಿತು. ಎತ್ತಿನಹೊಳೆಯ ಮೊದಲ ಹಂತ ಉದ್ಘಾಟನೆಯಾದದ್ದು 2024ರ ಸೆಪ್ಟೆಂಬರ್‌ನಲ್ಲಿ. ಆ ಬರವನ್ನು ಇದರ ತಲೆಗೆ ಕಟ್ಟಲಾಗದು. "ಮೊದಲು ಹೀಗಿತ್ತು, ಈಗ ಹೀಗಾಯ್ತು" ಅಂದರೆ ಸಾಲದು. ಮಳೆಯೂ ಬದಲಾಗಿರುತ್ತದೆ, ಬೋರ್‌ವೆಲ್ಲೂ ಹೆಚ್ಚಿರುತ್ತವೆ. ಅಳತೆ ಕೇಂದ್ರದಲ್ಲಿ ಸಿಕ್ಕ ಹರಿವಿಗೆ ಮೇಲೆ ಎತ್ತಿದ್ದನ್ನು, ಕಟ್ಟೆಯಲ್ಲಿ ತುಂಬಿಕೊಂಡದ್ದನ್ನು, ಆವಿಯಾದದ್ದನ್ನು ಕೂಡಿಸಬೇಕು. ಬಳಸಿದ ಮೇಲೆ ವಾಪಸ್ ಹೊಳೆಗೆ ಬಂದದ್ದನ್ನು ಕಳೆಯಬೇಕು. ಆಗ ಅದೇ ಮಳೆಗೆ ಯೋಜನೆ ಇಲ್ಲದಿದ್ದರೆ ಎಷ್ಟು ಹರಿಯುತ್ತಿತ್ತು ಅಂತ ಸಿಗುತ್ತದೆ. ಹೋಲಿಸಬೇಕಾದದ್ದು ಅದರ ಜೊತೆ, ತಿಂಗಳು ತಿಂಗಳಿಗೆ. ಇದೂ ಅಂದಾಜೇ. ದೊಡ್ಡ ಪ್ರವಾಹದ ಅಳತೆಯಲ್ಲಂತೂ ತಪ್ಪು ಜಾಸ್ತಿ.

ನನ್ನ ಆತಂಕ ಇನ್ನೊಂದು ಕಡೆಯಿದೆ. ನೀರು ಎತ್ತುವ ಜಾಗದ ಜಲಾನಯನ ಸುಮಾರು 176 ಚದರ ಕಿ.ಮೀ. ಅಷ್ಟರಿಂದ 24 ಟಿಎಂಸಿ ಬರಬೇಕಾದರೆ, ಇಂಗಿದ್ದು, ಆವಿಯಾದದ್ದು ಎಲ್ಲ ಕಳೆದು, ಅಷ್ಟೂ ಜಾಗದಿಂದ ಸುಮಾರು 3,860 ಮಿ.ಮೀ. ಎತ್ತರದಷ್ಟು ನೀರು ಹರಿದು ಹೊಳೆ ಸೇರಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ತಂಡವೊಂದು ಇಲ್ಲಿ ಸಿಗುವುದು 9.55 ಟಿಎಂಸಿ ಎಂದು ಅಂದಾಜಿಸಿತ್ತು. ಯಾರ ಅಂಕಿ ಸರಿ ಅನ್ನುವುದನ್ನು ಹರಿವನ್ನು ಅಳೆದೇ ಹೇಳಬೇಕು. ಆದರೆ ನೀರು ಕಡಿಮೆ ಬಿದ್ದ ವರ್ಷ ಏನಾಗುತ್ತೆ ಯೋಚಿಸಿ. ಕೋಲಾರ, ಚಿಕ್ಕಬಳ್ಳಾಪುರದ ಜನ ಕಾಯುತ್ತಿರುತ್ತಾರೆ, ಅವರ ಬಾಯಾರಿಕೆಯೂ ನಿಜ. ಗುರಿ ಮುಟ್ಟಿಸಲು ಪಂಪು ಅಕ್ಟೋಬರ್, ನವೆಂಬರ್‌ನಲ್ಲೂ ಓಡುತ್ತಲೇ ಇರುತ್ತದೆ.

ಹಾಗಾಗಿ ತಾರೀಕು ನೋಡಿ ಪಂಪು ನಿಲ್ಲಿಸುವ ನಿಯಮ ಬೇಡ. ಹರಿವು ನೋಡಿ ನಿಲ್ಲಿಸಬೇಕು. ಪ್ರತಿ ಕಿರು ಅಣೆಕಟ್ಟಿನ ಕೆಳಗೂ ಸೆಕೆಂಡಿಗೆ ಇಷ್ಟು ನೀರು ಹರಿಯಲೇಬೇಕು, ಅದಕ್ಕಿಂತ ಇಳಿದರೆ ಸೆಪ್ಟೆಂಬರ್ ಆದರೂ ಪಂಪು ಬಂದ್ ಅಂತ ಅಂಕಿಯಲ್ಲೇ ಬರೆಯಲಿ. ದಿನದಿನದ ಅಳತೆಯನ್ನು ಗುಂಡ್ಯದ ಕಡೆಯ ಪಂಚಾಯಿತಿ ಬೋರ್ಡಿನಲ್ಲೂ ಹಾಕಲಿ.